ಕಿಟ್ವೆಯ ಮುಡಿಪು

ನಮ್ಮಣ್ಣ ವಸಂತಕುಮಾರ್ ದೀಪಾವಳಿಗೆಂದು ಬ್ರಿಸ್ಬೇನಿನಿಂದ ಪರ್ತ್‌ಗೆ ಬಂದು, ನಾಲ್ಕು ದಿನ ನನ್ನ ಮನೆಯಲ್ಲಿ ಹೋಳಿಗೆ ತಿಂದು, ಹೋಗುವಾಗ ಅಮ್ಮನ ದೇವರ ಗೂಡಿನಲ್ಲಿದ್ದ ಮುಡಿಪನ್ನು ಎತ್ತಿಕೊಂಡು ಹೋದ. ಕದ್ದ ಎಂದೇ ಬರೆಯಬೇಕಿತ್ತು. ಒಡಹುಟ್ಟಿದವನೆಂಬ ದಾಕ್ಷಿಣ್ಯಕ್ಕೆ ಎತ್ತಿಕೊಂಡು ಹೋದ ಎಂದಿದ್ದೇನೆ. ಆ ದಾಕ್ಷಿಣ್ಯವೂ ಹೆಚ್ಚು ಹೊತ್ತು ಉಳಿಯುವಂಥದ್ದಲ್ಲ.

ಗೊತ್ತಾದದ್ದು ಕಾರ್ತೀಕದ ಕೊನೆಯ ಸೋಮವಾರ. ನಾನು ವಿಲೆಟನ್‌ನ ನನ್ನ ಕ್ಲಿನಿಕ್ಕಿಗೆ ಹೊರಟು ಕಾರಿನ ಕೀಲಿ ಹುಡುಕುತ್ತಿದ್ದೆ. ಅಮ್ಮ ದೇವರ ಗೂಡಿನ ಮುಂದೆ ಬೆಳ್ಳಿಯ ಭರಣಿ ತೆರೆದಿಟ್ಟುಕೊಂಡು ಕೂತಿದ್ದಳು.

"ಪುಟ್ಟಿ, ಮುಡಿಪು ಇಲ್ಲ ಕಣೇ."

ಧ್ವನಿ ಏರಲಿಲ್ಲ. ಎಂಬತ್ತನಾಲ್ಕು ವರ್ಷದ ನಮ್ಮಮ್ಮ ವಿಶಾಲಾಕ್ಷಿ ಹಾಲು ಉಕ್ಕಿದರೂ ಮನೆ ಕಿತ್ತುಹೋಗುವಂತೆ ಕೂಗುವವಳು. ಅಂಥವಳು ಮೆಲ್ಲಗೆ ಮಾತಾಡಿದ್ದು ಕೇಳಿ ನನಗೆ ಹೆದರಿಕೆಯಾಯಿತು.

ಅರಿಶಿನದ ಬಟ್ಟೆಯ ಗಂಟು ಅದು. ಒಳಗೆ ಜಾಂಬಿಯಾ ದೇಶದ ಒಂದೊಂದು ಶಿಲ್ಲಿಂಗಿನ ಹತ್ತು ನಾಣ್ಯ, ಒಂದು ಪೌಂಡಿನ ನೋಟು, ಒಟ್ಟು ಹನ್ನೊಂದು. ಜಾಂಬಿಯಾ ಬ್ರಿಟಿಷರಿಂದ ಬಿಡಿಸಿಕೊಂಡ ಹೊಸತರಲ್ಲಿ, ಅರವತ್ತನಾಲ್ಕರ ಕೊನೆಗೆ, ತನ್ನದೇ ಪೌಂಡು ಶಿಲ್ಲಿಂಗು ಮಾಡಿಸಿಕೊಂಡಿತು. ಅರವತ್ತೆಂಟರ ಜನವರಿಯಲ್ಲಿ ಅದನ್ನು ಬಿಟ್ಟು ಕ್ವಾಚಾ ತಂದಿತು. ಮೂರು ವರ್ಷ ಚಿಲ್ಲರೆ ಬಾಳಿದ ದುಡ್ಡು. ಆ ಕಾಲದಲ್ಲಿ ನಮ್ಮಪ್ಪ ಡಾಕ್ಟರ್ ಪಂಚಾಕ್ಷರಿ ಅಲ್ಲಿನ ಕಿಟ್ವೆ ಎಂಬ ತಾಮ್ರದ ಗಣಿಯೂರಿನ ಆಸ್ಪತ್ರೆಯಲ್ಲಿದ್ದರು. ಅಣ್ಣ ಹುಟ್ಟಿದ್ದು ಅಲ್ಲಿ. ನಾನು ಮೈಸೂರಿಗೆ ವಾಪಸಾದ ಮೇಲೆ ಹುಟ್ಟಿದವಳು. ಚಿಕ್ಕವಳಿದ್ದಾಗ ಆ ಗಂಟನ್ನು ಹೊರಗಿನಿಂದ ಒತ್ತಿ ನಾಣ್ಯ ಎಣಿಸುತ್ತಿದ್ದೆ. ಬಿಚ್ಚಲು ಮಾತ್ರ ಬಿಡುತ್ತಿರಲಿಲ್ಲ. ನಂಜನಗೂಡಿನ ನಂಜುಂಡನಿಗೆ ಕಟ್ಟಿದ್ದು, ಗಂಟು ಸಮೇತ ಅವನ ಹುಂಡಿಗೇ ಬೀಳಬೇಕು. ಯಾತಕ್ಕಾಗಿ ಕಟ್ಟಿದ್ದೆಂದು ಅಮ್ಮ ಯಾವತ್ತೂ ಹೇಳಿರಲಿಲ್ಲ.

ಡಿಸೆಂಬರ್ ಐದಕ್ಕೆ ಅಮ್ಮನಿಗೂ ನನಗೂ ಬೆಂಗಳೂರಿನ ಟಿಕೆಟ್ ಆಗಿತ್ತು. ಅಲ್ಲಿಂದ ಸೋದರಮಾವನ ಮಗ ಸದಾಶಿವ ಕಾರಿನಲ್ಲಿ ನಂಜನಗೂಡಿಗೆ ಕರೆದೊಯ್ಯುವುದೆಂದು ಮಾತಾಗಿತ್ತು. ನಾನು ಡಾಕ್ಟರು, ನನಗೆ ನಾನೇ ಸುಳ್ಳು ಹೇಳಿಕೊಳ್ಳಲಾರೆ. ಅಮ್ಮನ ಹೃದಯ ಈಗ ಕಾಲುಪಾಲು ಕೆಲಸ ಮಾಡುತ್ತಿದೆ. ಇದು ಅವಳ ಕೊನೆಯ ವಿಮಾನ. ಈ ಸಲ ಮುಡಿಪು ತಲುಪದಿದ್ದರೆ ಅವಳ ಕಣ್ಣೆದುರಿಗೆ ಇನ್ನು ತಲುಪುವುದಿಲ್ಲ.

ಮಧ್ಯಾಹ್ನ ಅಮ್ಮನ ಊದಿದ ಕಾಲಿಗೆ ಬಿಗಿ ಸ್ಟಾಕಿಂಗ್ಸ್ ತರಲು ಕ್ಯಾನಿಂಗ್ಟನ್‌ಗೆ ಹೋದವಳು ಪಾರ್ಕಿಂಗ್‌ನಲ್ಲೇ ಕೂತು ಅಣ್ಣನಿಗೆ ಫೋನ್ ಮಾಡಿದೆ. ದೀಪಾವಳಿಗೆ ಮನೆಗೆ ಬಂದ ಹೊರಗಿನವನು ಅವನೊಬ್ಬನೇ.

"ಓ ಅದಾ? ನಾನೇ ತಗೊಂಡ್ಬಂದೆ. ಅಮ್ಮಂಗೆ ಸರ್‌ಪ್ರೈಸು ಕಣೇ ವೇದಾ, ಹೇಳ್ಬೇಡ."

"ಏನು ಸರ್‌ಪ್ರೈಸು?"

"ಜಾಂಬಿಯಾ ಪೌಂಡ್ ಅಂದ್ರೆ ಕಲೆಕ್ಟರ್ಸ್ ಪ್ರಾಣ ಬಿಡ್ತಾರಂತೆ. ಆನ್‌ಲೈನ್‌ನಲ್ಲಿ ರೇಟ್ ನೋಡಿ ತಲೆ ತಿರುಗ್ತು. ಅಡಿಲೇಡ್‌ನಲ್ಲಿ ಒಬ್ಬ ಡೀಲರ್‌ಗೆ ಕಳಿಸಿದೀನಿ. ಬಂದ ದುಡ್ಡಲ್ಲಿ ಅಮ್ಮನ ಟಿಕೆಟ್ ಬಿಸಿನೆಸ್ ಕ್ಲಾಸ್ ಮಾಡ್ಸೋಣ ಅಂತ. ಕಾಲು ಊದ್ಕೊಳತ್ತಲ್ಲ, ಪಾಪ."

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ದೇವರ ದುಡ್ಡು ಮಾರಿ ಆ ದೇವರ ಹತ್ತಿರವೇ ಕಾಲು ಚಾಚಿಕೊಂಡು ಹೋಗುವುದು. ಇಂಥ ಯೋಚನೆ ಎಂಜಿನಿಯರ್‌ಗಳಿಗೆ ಮಾತ್ರ ಹೊಳೆಯುತ್ತದೆ.

"ಅದು ಮುಡಿಪು ಕಣೋ! ಗಂಟು ಬಿಚ್ಚಿದ್ಯಾ?"

"ಬಿಚ್ಚದೆ ಹೇಗೆ ಕಳಿಸ್ಲಿ? ಬಟ್ಟೆ ಮುಗ್ಗಲು ಹಿಡಿದಿತ್ತು, ಬಿನ್‌ಗೆ ಹಾಕ್ದೆ. ಕಾಯಿನ್ಸ್ ಕಪ್ಪಗೆ ಇದ್ದಿಲು ಥರ ಇತ್ತು. ಮಾಲವಿಕಾ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಅನ್ನಿಸಿದ್ಳು. ನೋಟಿಗೆ ಇಸ್ತ್ರಿ ಬೇರೆ ಹಾಕಿದಾಳೆ. ಹೊಸಾದು ಅನ್ನಬೇಕು, ಹಂಗಾಗಿದೆ."

ಅತ್ತಿಗೆಯನ್ನು ನಾನು ಬೈಯುವುದಿಲ್ಲ. ಬ್ರಿಸ್ಬೇನಿನ ರನ್‌ಕಾರ್ನ್‌ನ ಅವರ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ದೀಪದ ಕಂಬ, ಪಂಚಪಾತ್ರೆ, ಉದ್ಧರಣೆ ಎಲ್ಲ ಹುಣಸೆಹಣ್ಣಿನಲ್ಲಿ ಮಿಂದು ಸಾಲಾಗಿ ಕೂತಿರುತ್ತವೆ. ಮಂಕಾದ ಲೋಹ ಕಂಡರೆ ತಿಕ್ಕುವ ಕೈ ಅದು. ಗಂಡ ತಂದು ಮುಂದೆ ಸುರಿದ, ಅವಳು ತಿಕ್ಕಿದಳು.

"ಈಗಲೇ ಅವನಿಗೆ ಫೋನ್ ಮಾಡು. ವಾಪಸ್ ತರಿಸು" ಎಂದೆ.

"ಪ್ರಾಸೆಸ್‌ನಲ್ಲಿದೆ ಕಣೇ. ನೋಡೋಣ, ಕೇಳ್ತೀನಿ" ಎಂದ. ಆ ನೋಡೋಣ ಎಂಬುದರಲ್ಲಿ ಏನೋ ಅಳುಕಿತ್ತು. ನನಗೆ ಆಗ ಅರ್ಥವಾಗಲಿಲ್ಲ.

ಸಂಜೆ ಅಮ್ಮನಿಗೆ ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವಳು ಬೆಳ್ಳಿಯ ಭರಣಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಯಾರಿಗೋಸ್ಕರ ಕಟ್ಟಿದ್ದಮ್ಮ ಅದು?"

"ಅವನಿಗೇ."

ಅರವತ್ತೇಳರ ಜೂನ್. ವಸಂತನಿಗೆ ಎರಡು ವರ್ಷ. ಮಲೇರಿಯಾ ತಲೆಗೇರಿ ಒಂಬತ್ತು ದಿನ ಮಗು ಕಣ್ಣು ಬಿಡಲಿಲ್ಲ. ಅಪ್ಪ ತಾವೇ ಸೂಜಿ ಚುಚ್ಚುತ್ತಿದ್ದರು, ಚುಚ್ಚಿ ಹೊರಗೆ ಹೋಗಿ ವರಾಂಡದಲ್ಲಿ ಅಳುತ್ತಿದ್ದರು. ಏಳನೆಯ ದಿನ ಅಮ್ಮ ಬಿಳಿಯ ಒಳಲಂಗದ ಅಂಚು ಹರಿದು, ಮೈಸೂರಿನಿಂದ ತಂದ ಅರಿಶಿನದಲ್ಲಿ ಅದ್ದಿ, ಅಡುಗೆಮನೆಯ ಡಬ್ಬದಲ್ಲಿದ್ದಷ್ಟನ್ನೂ ಕಟ್ಟಿದಳು. ವೈದ್ಯರಿಗೆ ವೈದ್ಯ ನಂಜುಂಡ, ನನ್ನ ಮಗನನ್ನು ಉಳಿಸು, ಅವನ ಕೈಯಿಂದಲೇ ತಂದು ಹಾಕಿಸುತ್ತೇನೆ ಎಂದು ಕೇಳಿಕೊಂಡಳು. ಹತ್ತನೆಯ ದಿನ ಮಗು ಹಾಲು ಬೇಕೆಂದಿತು.

ಆರು ತಿಂಗಳಿಗೆ ದುಡ್ಡು ಬದಲಾಯಿತು. ಬ್ಯಾಂಕಿಗೆ ಕೊಟ್ಟು ಕ್ವಾಚಾ ತೆಗೆದುಕೋ ಎಂದರು ಅಪ್ಪ. ಕಟ್ಟಿದ ಗಂಟು ಬಿಚ್ಚಬಾರದೆಂದು ಅಮ್ಮ ಕೊಡಲಿಲ್ಲ. ಮೈಸೂರಿಗೆ ಬಂದು ನಂಜನಗೂಡಿಗೆ ಹೊರಟಾಗ ಅಪ್ಪ ಮನೆಮಂದಿಯ ಎದುರಿಗೆ ನಕ್ಕರಂತೆ.

"'ಓಡದ ದುಡ್ಡು ಕೊಟ್ಟು ದೇವರಿಗೇ ಟೋಪಿ ಹಾಕ್ತೀಯಾ? ಹುಷಾರು ಮಾಡಿದ್ದು ನನ್ನ ಕ್ವಿನೈನು' ಅಂದ್ರು. ಎಲ್ಲರೂ ನಕ್ರು. ನಂಗೆ ನಾಚಿಕೆ ಆಗೋಯ್ತು ಕಣೇ, ಒಳಗಿಟ್ಬಿಟ್ಟೆ. ಅವರು ಹೋದ್ಮೇಲೆ ನಾಲ್ಕು ಸಲ ವಸಂತನ್ನ ಕರೆದೆ, ನಂಜನಗೂಡಿಗೆ ಬಾ ಅಂತ. ರಜೆ ಇಲ್ಲ ಅಂದ. ಇನ್ನು ಕಾಯಕ್ಕಾಗಲ್ಲ, ನಾನೇ ಹಾಕ್ಬಿಡೋಣ ಅಂದ್ಕೊಂಡಿದ್ದೆ."

"ಇದನ್ನ ಅವನಿಗೆ ಯಾಕಮ್ಮ ಹೇಳ್ಲಿಲ್ಲ?"

"ಮುಡಿಪು ಅಂದ್ರೆ ಹೇಳ್ಕೊಂಡು ತಿರುಗೋದಲ್ಲ. ನೀನೂ ಹೇಳ್ಕೂಡದು. ಗೊತ್ತಾದ್ರೆ ನೊಂದ್ಕೋತಾನೆ."

ಹೆತ್ತವರಿಗೆ ಹೆಗ್ಗಣ ಮುದ್ದು. ನನಗೆ ಅಣ್ಣನ ಮೇಲೆ ಸಿಟ್ಟು ಬಂತು, ಸತ್ತು ಹನ್ನೊಂದು ವರ್ಷವಾದ ಅಪ್ಪನ ಮೇಲೆ ಬಂತು, ಬಾಯಿಗೆ ಬೀಗ ಹಾಕಿದ ಅಮ್ಮನ ಮೇಲೂ ಬಂತು. ಆ ರಾತ್ರಿಯೇ ಅತ್ತಿಗೆಯಿಂದ ಅಂಗಡಿಯ ವಿಳಾಸ ತರಿಸಿಕೊಂಡು ಅಡಿಲೇಡ್‌ಗೆ ಟಿಕೆಟ್ ತೆಗೆದೆ.

ಬುಧವಾರ ಪೇಶೆಂಟ್‌ಗಳನ್ನೆಲ್ಲ ಮುಂದಕ್ಕೆ ಹಾಕಿ ಮೂರು ಗಂಟೆ ವಿಮಾನದಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಡೀಲರ್‌ನದು ಒಂದು ಹಳೆಯ ಆರ್ಕೇಡಿನ ಮೂಲೆಯಂಗಡಿ. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡಿದ್ದ ಮುದುಕ ನನ್ನಣ್ಣನ ಹೆಸರು ಹೇಳಿದೊಡನೆ ನಿಟ್ಟುಸಿರುಬಿಟ್ಟ.

"ಹೋದ ವಾರವೇ ಅವರಿಗೆ ತಿಳಿಸಿದೆನಲ್ಲ. ಯಾರೋ ಆ ನಾಣ್ಯಗಳನ್ನು ತಿಕ್ಕಿದ್ದಾರೆ. ತಿಕ್ಕಿದ ನಾಣ್ಯ ಯಾರೂ ಕೊಳ್ಳುವುದಿಲ್ಲ. ಕಪ್ಪಗೇ ಇದ್ದಿದ್ದರೆ ಒಂದಷ್ಟು ಬೆಲೆ ಇರುತ್ತಿತ್ತು. ನೋಟಿನದಂತೂ ಹೇಳುವುದೇ ಬೇಡ, ಇಸ್ತ್ರಿ ಹಾಕಿ ಕೊಂದಿದ್ದಾರೆ."

"ಹೋದ ವಾರವೇ ಹೇಳಿದಿರಾ?"

"ಶುಕ್ರವಾರ. ವಾಪಸ್ ಕಳಿಸಲೇ ಎಂದೆ. ಬೇಡ, ಅಲ್ಲೇ ಇಟ್ಟುಕೊಳ್ಳಿ ಎಂದರು."

ಅಂದರೆ ಸೋಮವಾರ ನಾನು ಫೋನ್ ಮಾಡಿದಾಗ ಅಣ್ಣನಿಗೆ ಎಲ್ಲ ಗೊತ್ತಿತ್ತು. ಬಿಸಿನೆಸ್ ಕ್ಲಾಸು ಮುಳುಗಿಹೋಗಿತ್ತು, ಆದರೂ ಸರ್‌ಪ್ರೈಸ್ ಎಂದು ಬುರುಡೆ ಬಿಟ್ಟಿದ್ದ.

"ಈಗ ಎಲ್ಲಿವೆ?"

ಮುದುಕ ಬಾಗಿಲ ಬಳಿಯ ಮರದ ತಟ್ಟೆ ತೋರಿಸಿದ. ಯಾವುದು ತೆಗೆದುಕೊಂಡರೂ ಒಂದು ಡಾಲರ್ ಎಂದು ಅದಕ್ಕೊಂದು ಚೀಟಿ ಅಂಟಿಸಿತ್ತು. ಸಂತೆಯಲ್ಲಿ ಮಿಕ್ಕಿದ ಬದನೆಕಾಯಿ ಸುರಿದ ಹಾಗೆ ಫಿಜಿ, ಮಲೇಷ್ಯಾ, ಇಟಲಿ, ಯಾವ ಯಾವುದೋ ದೇಶದ ಪುಡಿಗಾಸು. ನಾನು ನೆಲಕ್ಕೆ ಮೊಣಕಾಲೂರಿ ಎರಡೂ ಕೈ ಹಾಕಿದೆ. ಶಿಲ್ಲಿಂಗ್‌ನ ಮೇಲೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಇರುತ್ತದೆಂದು ಅಮ್ಮ ಹೇಳಿದ್ದಳು. ಹುಡುಕುವುದು ಕಷ್ಟವಾಗಲಿಲ್ಲ. ಇಡೀ ತಟ್ಟೆಯಲ್ಲಿ ಹೊಳೆಯುತ್ತಿದ್ದದ್ದು ಅವು ಮಾತ್ರ. ಒಂದು, ಎರಡು, ಎಂಟರವರೆಗೆ ಸಿಕ್ಕವು. ತಟ್ಟೆಯನ್ನು ಪೂರ್ತಿ ಬೋರಲು ಹಾಕಿದರೂ ಇನ್ನೆರಡು ಸಿಗಲಿಲ್ಲ.

"ನಿನ್ನೆ ಶಾಲೆಯ ಮಕ್ಕಳು ಬಂದಿದ್ದರು. ಹಕ್ಕಿ ಚೆನ್ನಾಗಿದೆ ಎಂದು ಎರಡು ಕೊಂಡರು" ಎಂದ ಮುದುಕ. ಅವನ ತಪ್ಪೇನೂ ಇರಲಿಲ್ಲ. ಅವನ ಮೇಲೂ ಸಿಟ್ಟು ಬಂತು.

ಅಮ್ಮ ಮಗನ ಪ್ರಾಣಕ್ಕೆಂದು ಕಟ್ಟಿದ ನಾಣ್ಯವನ್ನು ಒಂದೊಂದು ಡಾಲರ್ ಕೊಟ್ಟು ಬಿಡಿಸಿಕೊಂಡೆ. ನೋಟಿಗೆ ಹದಿನೈದು. ಅರವತ್ತು ವರ್ಷದ ಮಡಿಕೆಗಳೆಲ್ಲ ಮಾಯವಾಗಿ ಅದು ಮದುವೆ ಆಮಂತ್ರಣದಂತೆ ಸೆಟೆದುಕೊಂಡಿತ್ತು. ಮೂಸಿ ನೋಡಿದೆ, ಅರಿಶಿನದ ವಾಸನೆಯೂ ಇರಲಿಲ್ಲ. ಆರ್ಕೇಡಿನ ಬೆಂಚಿನ ಮೇಲೆ ಕೂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ.

"ಅಂಗಡಿಯಲ್ಲಿದೀನಿ. ಎಲ್ಲ ಗೊತ್ತಾಯ್ತು. ಶನಿವಾರ ನೀನು ಪರ್ತ್‌ನಲ್ಲಿರಬೇಕು. ಇಲ್ದಿದ್ರೆ ನಾನೇ ರನ್‌ಕಾರ್ನ್‌ಗೆ ಬಂದು ನಿನ್ನ ಮನೆ ಮುಂದೆ ನಿಂತ್ಕೊಂಡು ಕೂಗ್ತೀನಿ. ಕನ್ನಡದಲ್ಲೂ ಕೂಗ್ತೀನಿ, ಇಂಗ್ಲಿಷ್‌ನಲ್ಲೂ ಕೂಗ್ತೀನಿ."

ಶನಿವಾರ ಬಂದ. ಅರವತ್ತು ವರ್ಷದ ಗಂಡಸು, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಹುಡುಗನ ಮುಖ ಹೊತ್ತು ಬಂದಿದ್ದ. ಅಮ್ಮನ ಮುಂದಿನ ಟೀಪಾಯಿಯ ಮೇಲೆ ನಾನು ಸ್ಟೀಲ್ ತಟ್ಟೆಯಲ್ಲಿ ಎಂಟು ನಾಣ್ಯ, ಒಂದು ನೋಟು ಇಟ್ಟಿದ್ದೆ. ಅಮ್ಮ ಅವುಗಳನ್ನು ಮುಟ್ಟಿರಲಿಲ್ಲ.

"ಸಾರಿ ಅಮ್ಮ. ನಿನ್ನ ಕಾಲಿಗೋಸ್ಕರಾನೇ ಮಾಡಕ್ಕೆ ಹೋದೆ" ಎಂದ ಅಣ್ಣ. ಆ ಮಾತು ನಿಜವೇ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಅವನು ಜೇಬಿಗೆ ಕೈ ಹಾಕಿ ಎರಡು ಡಾಲರ್ ನಾಣ್ಯ ತೆಗೆದು ತಟ್ಟೆಗೆ ಹಾಕಿದ. "ತಗೋ, ಹನ್ನೊಂದಾಯ್ತು. ಬೇರೆ ಬಟ್ಟೆಯಲ್ಲಿ ಕಟ್ಟಿದ್ರಾಯ್ತು."

ಅಮ್ಮ ಆ ಎರಡನ್ನು ಬೆರಳ ತುದಿಯಿಂದ ತಟ್ಟೆಯಾಚೆ ತಳ್ಳಿದಳು.

"ಐದನೇ ತಾರೀಖು ನನ್ನ ಜೊತೆ ನಂಜನಗೂಡಿಗೆ ಬರ್ತೀಯಾ?"

"ಡಿಸೆಂಬರ್‌ನಲ್ಲಾ? ಪ್ರಾಜೆಕ್ಟ್ ಗೋ-ಲೈವ್ ಇದೆಯಮ್ಮ. ವೇದಾ ಇದಾಳಲ್ಲ. ಮುಂದಿನ ವರ್ಷ ಖಂಡಿತ ಬರ್ತೀನಿ."

ಮುಂದಿನ ವರ್ಷ! ನಾನು ಎದ್ದು ನಿಂತೆ. ಅಮ್ಮನ ಮಾತೂ ಬೇಡ, ಬಾಯಿಗೆ ಬೀಗವೂ ಬೇಡ, ಎಲ್ಲ ಹೇಳಿಬಿಡುವುದೇ ಎಂದು ಬಾಯಿ ತೆರೆದೆ. ಅಮ್ಮ ಕೈಯೆತ್ತಿ ನನ್ನನ್ನು ತಡೆದಳು. ಆಮೇಲೆ ಅವಳೇ ಕೂಗಿದಳು. ಹಾಲು ಉಕ್ಕಿದಾಗ ಕೂಗುವ ಧ್ವನಿಯಲ್ಲಿ, ನಾನು ಆ ಸೋಮವಾರದಿಂದ ಕೇಳದಿದ್ದ ಧ್ವನಿಯಲ್ಲಿ.

"ಏಯ್ ವಸಂತ! ಯಾರಿಗೋಸ್ಕರ ಕಟ್ಟಿದ್ದು ಅಂದ್ಕೊಂಡಿದೀಯೋ ಇದನ್ನ? ಎರಡು ವರ್ಷದ ಕೂಸು, ಒಂಬತ್ತು ದಿನ ಕಣ್ಣು ಬಿಡ್ಲಿಲ್ಲ ನೀನು. ಒಂಬತ್ತು ದಿನ! ಮನೇಲಿದ್ದ ಕಾಸನ್ನೆಲ್ಲ ಕಟ್ಟಿ, ಇವನ ಕೈಯಿಂದ ಹಾಕಿಸ್ತೀನಿ, ಉಳಿಸ್ಕೊಡಪ್ಪಾ ಅಂತ ಕೇಳ್ಕೊಂಡೆ. ಓಡದ ದುಡ್ಡು ಅಂತ ನಿಮ್ಮಪ್ಪ ನಕ್ರು. ಬೆಲೆ ಇಲ್ಲ ಅಂತ ನೀನು ಅಂಗಡಿಯವನಿಗೇ ಬಿಟ್ಬಿಟ್ಟೆ. ಆ ದುಡ್ಡು ಮೂರು ವರ್ಷ ಓಡ್ತು ಕಣೋ. ಅದನ್ನ ಕಟ್ಟಿ ಕೇಳ್ಕೊಂಡ ಜೀವ ಅರವತ್ತು ವರ್ಷದಿಂದ ಓಡ್ತಾ ಇದೆ. ಒಂದು ದಿನ ನಿಲ್ಲಕ್ಕೆ ಪುರುಸೊತ್ತಿಲ್ಲ ಅದಕ್ಕೆ!"

ಏದುಸಿರು ಬಂತು. ನಾನು ಓಡಿಹೋಗಿ ಅವಳ ನಾಡಿ ಹಿಡಿದೆ. ಬೇಡ ಬಿಡು ಎಂಬಂತೆ ಕೈ ಕೊಸರಿಕೊಂಡು ಸೋಫಾಕ್ಕೆ ಒರಗಿದಳು.

ಅಣ್ಣ ತನ್ನ ಎರಡು ಡಾಲರ್‌ಗಳನ್ನು ಎತ್ತಿ ಜೇಬಿಗೆ ಹಾಕಿಕೊಂಡ. ತಟ್ಟೆಯಿಂದ ಒಂದು ಶಿಲ್ಲಿಂಗ್ ತೆಗೆದು ಹೆಬ್ಬೆರಳಿನಿಂದ ಹಕ್ಕಿಯನ್ನು ಸವರಿದ, ತನ್ನ ಮನೆಯಲ್ಲಿ ತಿಕ್ಕಿ ಬೆಳಗಿದ ಅದೇ ಹಕ್ಕಿಯನ್ನು. ಫೋನ್ ತೆಗೆದು ಆಫೀಸಿನವರಿಗೆ ಏನೋ ಟೈಪ್ ಮಾಡಿ ಕಳಿಸಿದ. ಆಮೇಲೆ ಜೇಬಿನಲ್ಲಿದ್ದ ಬಿಳಿಯ ಕರ್ಚೀಫು ತೆಗೆದುಕೊಂಡು ಅಡುಗೆಮನೆಗೆ ಹೋದ. ಕಪಾಟು ತೆಗೆಯುವ, ಮುಚ್ಚುವ ಸದ್ದು ಕೇಳಿಸಿತು.

"ವೇದಾ, ಅರಿಶಿನದ ಡಬ್ಬ ಎಲ್ಲಿದೆಯೇ?" ಎಂದು ಅಲ್ಲಿಂದಲೇ ಕೇಳಿದ.

ಅದು ಒಲೆಯ ಪಕ್ಕದ ಕಪಾಟಿನಲ್ಲಿ, ಎದುರಿಗೇ ಇತ್ತು. ನಾನು ಕೂತಲ್ಲಿಂದ ಏಳಲಿಲ್ಲ.

"ಹುಡುಕ್ಕೋ" ಎಂದೆ.