ಕಿಟಕಿಯ ಕಟ್ಟಿಗೆ

"ಇನ್ನೊಂದು ತೂತು ಕೆಳಗ ಬಡೀರಿ ಅಯ್ಯನವ್ರ. ಅವರು ಕುಂತ್ರ ತೆಲಿ ಅಲ್ಲಿಗೇ ಬರ್ತದ," ಅಂದಳು ಶಿವಗಂಗಾಬಾಯಿ.

ಜಂಗಮ ರಾಚಯ್ಯ ಗೂಟ ಕಿತ್ತು ಕೆಳಗಿನ ತೂತಿಗೆ ಬಡಿದ. ಶಿವಗಂಗಾಬಾಯಿಯ ಗಂಡ ವಿಶ್ವನಾಥಪ್ಪ ನಸುಕಿನಲ್ಲಿ ತೀರಿಕೊಂಡಿದ್ದ. ಶವವನ್ನು ಕೂಡಿಸಿ, ತಲೆ ವಾಲದಂತೆ ಬಟ್ಟೆಯಿಂದ ಗೂಟಕ್ಕೆ ಕಟ್ಟಬೇಕು. ಆ ಮನೆಯಲ್ಲಿ ಗಟ್ಟಿ ಗೂಟಗಳಿದ್ದುದು ಒಂದೇ ಕಡೆ: ಹಲಗೆ ಇಡಲು ಅವನೇ ಗೋಡೆಗೆ ಜಡಿದಿದ್ದ ಜೋಡಿಕಂಬದಲ್ಲಿ. ಕಂಬದ ಉದ್ದಕ್ಕೂ ತೂತು. ಹಲಗೆ ಹೆಚ್ಚಾದರೆ ಗೂಟ ಮೇಲಕ್ಕೆ, ಕಡಿಮೆಯಾದರೆ ಕೆಳಕ್ಕೆ. ಕಡಿಮೆಯಾದದ್ದನ್ನು ಯಾರೂ ಕಂಡಿರಲಿಲ್ಲ.

"ಜನ್ಮದಾಗ ಕುಂಡ್ರೂ ಮಣಿ ಒಂದು ಮಾಡಿದವನಲ್ಲ," ಅಂದ ರಾಚಯ್ಯ, ಗಂಟು ಬಿಗಿಯುತ್ತ. "ಈ ಕೆಲಸಾ ಮಾತ್ರ ಪಕ್ಕಾ ಮಾಡ್ಯಾನ ನೋಡ್ರಿ."

ಶವ ಕೂಡಿಸಲು ಹಲಗೆಗಳನ್ನೆಲ್ಲ ಇಳಿಸಿದ್ದರು. ಎರಡು ಕಂಬಗಳ ನಡುವೆ, ಕಿಟಕಿಯಷ್ಟು ಜಾಗದಲ್ಲಿ, ಗೋಡೆಗೆ ಮೆತ್ತಿದ ಮಣ್ಣು ಬೇರೆ ಬಣ್ಣದ್ದು. ಶಿವಗಂಗಾಬಾಯಿ ಅಳುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದಳು.

*

ಅಲ್ಲಿದ್ದ ಕಿಟಕಿಯಿಂದ, ದಾಳಿಂಬ ಊರಿನಿಂದ ತಮ್ಮೂರು ಮುರುಮಕ್ಕೆ ಬರುವ ಬಂಡಿಗಳು ಕಾಣುತ್ತಿದ್ದವು. ದಾಳಿಂಬ ಆಕೆಯ ತವರು. ರಜಾಕಾರರ ಹಾವಳಿಯಲ್ಲಿ ವಿಶ್ವನಾಥಪ್ಪ ಆ ಕಿಟಕಿಗೆ ಕಲ್ಲು ತುಂಬಿ ಮೆತ್ತಿಬಿಟ್ಟ. ಪೊಲೀಸ್ ಆ್ಯಕ್ಷನ್ ಆಯಿತು, ರಜಾಕಾರರು ಹೋದರು.

"ಈಗರ ಖಿಡಕಿ ತೆಗೀರಿ."

"ತೆಗಿಯೂಣಂತ. ಚೌಕಟ್ಟಿಗಿ ಕಟ್ಟಿಗಿ ಬ್ಯಾಡೇನು?"

ಕಟ್ಟಿಗೆ ತಂದ. ನೆಲಕ್ಕಿಟ್ಟರೆ ಗೆದ್ದಲು ಹಿಡಿಯುತ್ತದೆಂದು ಗೋಡೆಗೆ ಕಂಬ ಜಡಿದ. ಉಳಿದ ಗೋಡೆಗಳು ಮಣ್ಣಿನವು, ಭಾರ ತಡೆಯುವಂಥ ಕಲ್ಲಿನದು ಕಿಟಕಿಯಿದ್ದ ಗೋಡೆ ಒಂದೇ. ಹೀಗೆ ಕಿಟಕಿಯ ಕಟ್ಟಿಗೆ ಕಿಟಕಿಯ ಮೇಲೇ ಏರಿ ಕುಳಿತಿತು. ಕೇಳಿದಾಗಲೆಲ್ಲ ಹಲಗೆಗೆ ಬೆರಳು ಬಡಿದು, "ಇನ್ನಾ ಹಸಿ ಅದ," ಅನ್ನುತ್ತಿದ್ದ. ಹೈದರಾಬಾದ ರಾಜ್ಯವೇ ಒಡೆದು ಮುರುಮ ಮುಂಬಯಿಗೆ ಸೇರಿತು. ಕಟ್ಟಿಗೆ ಮಾತ್ರ ಒಣಗಲಿಲ್ಲ.

*

ಶವ ಹೊರುವ ವಿಮಾನ ಕಟ್ಟಿ ಮುಗಿಯುತ್ತಿತ್ತು. ಶಿವಗಂಗಾಬಾಯಿ ಗಂಡನ ಅಣ್ಣ ಜಗದೇವಪ್ಪನ ಹತ್ತಿರ ಬಂದಳು.

"ಭಾವ, ಹಲಗಿ ಹ್ಯಾಂಗೂ ಇಳಿಸ್ಯಾರ. ಮತ್ತ ಏರಸೂದು ಬ್ಯಾಡ್ರಿ. ಖಿಡಕಿ ತೆಗಿಸಿಕೊಡ್ರಿ."

ನೆರೆದವರು ಭಜನೆಯ ದನಿ ತಗ್ಗಿಸಿದರು, ಕೇಳಿಸಲೆಂದು.

"ಗಂಡಿಲ್ಲದ ಮನಿ, ರಸ್ತಾಕ್ಕ ಖಿಡಕಿ! ಮಂದಿ ಏನಂದಾರು? ಅಂವಾ ಇದ್ದಾಗಿನ ಮಾತು ಬ್ಯಾರೆ."

"ಅವರಿದ್ದಾಗೂ ತೆಗಿಲಿಲ್ಲಲ್ರಿ."

"ಅದಕ್ಕೇ ಅನ್ನಾಕತ್ತೀನಿ. ಅಂವಾ ಮುಚ್ಚಿದ್ದು ನಾ ತೆಗಿಯೂದು ಛಲೋ ಅಲ್ಲ."

ಶವವನ್ನು ಎತ್ತಿದರು. ಗಂಡಸರು ಹೊಲದ ಹಾದಿ ಹಿಡಿದರು.

ಆಕೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಜಗದೇವಪ್ಪನ ಹೆಂಡತಿ ಕಸ್ತೂರಬಾಯಿ ಹಲಗೆಗಳನ್ನೆಲ್ಲ ಏರಿಸಿ, ಸೆರಗಿನಿಂದ ಧೂಳೂ ಒರೆಸಿದ್ದಳು.

"ಕಾಲಿಗಿ ತೊಡರ್ತಿದ್ವು ತಂಗಿ. ಮೊದಲಿನಂಗೇ ಇಟ್ಟೀನಿ ನೋಡು. ಆ ಕೆಳಗಿನ ಗೂಟೊಂದು ಕೀಳಾಕ ಆಗಲಿಲ್ಲ."

ಕಸ್ತೂರಬಾಯಿ ಒಲೆ ಹೊತ್ತಿಸಲು ಹೋದಳು. ಶಿವಗಂಗಾಬಾಯಿ ಕಂಬಕ್ಕೆ ಒರಗಿ ಕುಳಿತಳು. ಗೂಟ ಆಕೆಯ ನೆತ್ತಿಯಿಂದ ಗೇಣು ಮೇಲಿತ್ತು, ಬಟ್ಟೆಯ ಚಿಂದಿ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಗುಂಡುಕಲ್ಲಿನಿಂದ ಕುಟ್ಟಿ ಗೂಟ ಬಿಡಿಸಿದಳು. ಮತ್ತೆ ಕುಳಿತು, ಬೆನ್ನು ನೆಟ್ಟಗೆ ಮಾಡಿ, ತಲೆಯ ಹಿಂದೆ ಕೈಯಾಡಿಸಿ ತನ್ನ ಎತ್ತರದ ತೂತು ಹುಡುಕಿ, ಗೂಟವನ್ನು ಅಲ್ಲಿಗೆ ಸಿಕ್ಕಿಸಿದಳು.