ಹಸಿರು ವಾಯರಿನ ಅರ್ತ್

ಬಸವಕಲ್ಯಾಣದ ಬಸ್ಸಿಳಿದು ಹುಮನಾಬಾದಿನ ಮಗಳ ಅಂಗಡಿಗೆ ಬಂದ ಬಸವಣಪ್ಪನ ಕಂಕುಳಲ್ಲಿ ಟವೆಲ್ಲಿನ ಗಂಟೊಂದಿತ್ತು. ಒಳಗಿದ್ದದ್ದು ಹಳೆಯ ಕಂಪ್ಯೂಟರ್ ಬೋರ್ಡು. ಕಂಪ್ಯೂಟರ್ ರಿಪೇರಿಯ ರೂಪಾಲಿಗೆ ಅದರ ಪರಿಚಯ ಚೆನ್ನಾಗಿಯೇ ಇತ್ತು. ಅವಳ ಶಾಲೆಯ ದಿನಗಳನ್ನು ಹಾಳುಮಾಡಿದ ಬೋರ್ಡು ಅದು.

ಎಂಬತ್ತೊಂಬತ್ತನೇ ಇಸವಿ. ನೀರೆತ್ತುವ ಮೋಟಾರು ರಿವೈಂಡಿಂಗ್ ಮಾಡುವ ಈ ಮನುಷ್ಯ ಹೈದರಾಬಾದಿನಿಂದ ಬಿಡಿಭಾಗ ತಂದು, ಆರು ತಿಂಗಳು ಬೆಸುಗೆ ಹಾಕಿ, ತಾನೇ ಒಂದು ಕಂಪ್ಯೂಟರು ಕಟ್ಟಿದ್ದ. ಓಣಿಯ ಮಂದಿಯನ್ನೆಲ್ಲ ಕರೆದು ಕೂರಿಸಿದ್ದ. ಮನೆಯ ಪುಟ್ಟ ಟಿವಿ ಎಲ್ಲರಿಗೂ ಕಾಣದೆಂದು ಟಿವಿ ರಿಪೇರಿಯ ಖಮರುದ್ದೀನ್ ದೊಡ್ಡದೊಂದನ್ನು ತಂದು, ವಾಯರೂ ತಾನೇ ಜೋಡಿಸಿದ್ದ. ಪರದೆಯ ಮೇಲೆ ಏನೂ ಬರಲಿಲ್ಲ. 'ಕಂಪ್ಯೂಟರ್ ಬಸವಣಪ್ಪ' ಎಂದು ಮೊದಲು ನಕ್ಕವನೂ ಖಮರುದ್ದೀನನೇ. ಹೆಸರು ಅಂಟಿಕೊಂಡಿತು. ಶಾಲೆಯಲ್ಲಿ ಹಾಗಂದವರ ಜಡೆಯನ್ನು ರೂಪಾಲಿ ಕೈಗೆ ಬರುವಂತೆ ಜಗ್ಗಿದ್ದಳು. ಹಿಂದಿನ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಅದು ಚೆನ್ನಾಗಿ ನಡೆದಿತ್ತು ಎಂದು ಅಪ್ಪ ಒಂದೇ ಒಂದು ಸಲ ಹೇಳಿದ್ದ. ಯಾರೂ ನಂಬಲಿಲ್ಲ. ರೂಪಾಲಿಯೂ ನಂಬಿರಲಿಲ್ಲ. ಅಂದೇ ಬೋರ್ಡು ಪೆಟ್ಟಿಗೆ ಸೇರಿತ್ತು.

ಮಗಳ ಬಲವಂತಕ್ಕೆ ಈಗ ಹೊರಗೆ ಬಂದಿತ್ತು. ಇವತ್ತೂ ನಡೆಯದಿದ್ದರೆ ಗುಜರಿಗೆ ಎಂದು ಅಪ್ಪ ಷರತ್ತು ಹಾಕಿದ್ದ.

ಇಂಥ ಬೋರ್ಡಿಗೆ ಹೊಂದುವ ಕೇಬಲ್ಲು ಈಗ ಎಲ್ಲಿ ಸಿಗಬೇಕು? ರೂಪಾಲಿ ಮೊಬೈಲಿನ ಯುಎಸ್‌ಬಿ ಕೇಬಲ್ಲಿನ ತುದಿಯನ್ನು ಕಚಕ್ಕನೆ ಕತ್ತರಿಸಿದಳು. ಬೋರ್ಡಿಗೆ ಬೇಕಾದ ಐದು ವೋಲ್ಟು ಅದರಲ್ಲೇ ಬರುತ್ತದೆ. ಅದಕ್ಕೆ ಕೆಂಪು, ಕರಿ ಎರಡೇ ಸಾಕೆಂದು ಒಳಗಿನ ಹಸಿರು, ಬಿಳಿ ವಾಯರುಗಳನ್ನು ಕತ್ತರಿಸಿ ಬಿಸಾಕಿದಳು. ಅಂಗಡಿಯ ಟಿವಿಗೆ ಚಿತ್ರ ಒಯ್ಯಲು ಡಿವಿಡಿ ಪ್ಲೇಯರಿನ ಹಳದಿ ಪಿನ್ನಿನ ಕೇಬಲ್ಲು. ಬೋರ್ಡಿನಿಂದ ಹೊರಟದ್ದು ಮೂರೇ ವಾಯರು. ಕೆಂಪಿಗೆ ಕೆಂಪು ಸೇರಿಸಿದಳು. ಕರಿ ಅಂದರೆ ಅರ್ತ್, ಆದ್ದರಿಂದ ಕರಿಗೆ ಕರಿ. ಉಳಿದ ಹಸಿರು ಚಿತ್ರದ್ದೇ ಇರಬೇಕೆಂದು ಅದನ್ನು ಹಳದಿ ಪಿನ್ನಿನ ಕೇಬಲ್ಲಿಗೆ ಸೇರಿಸಿದಳು. ಚಾರ್ಜರು ಚುಚ್ಚಿದಳು.

ಟಿವಿ ಕಪ್ಪಗೇ ಉಳಿಯಿತು.

ಬಸವಣಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆದರೆ ಮೋಟಾರಿನ ಮನುಷ್ಯ ತಪ್ಪು ಕಂಡರೆ ಸುಮ್ಮನೆ ಹೋಗುವ ಪೈಕಿ ಅಲ್ಲ. ಮಗಳು ಯುಎಸ್‌ಬಿ ಕೇಬಲ್ಲಿನಿಂದ ಕತ್ತರಿಸಿ ಬಿಸಾಕಿದ್ದ ಹಸಿರು ತುಂಡನ್ನು ಎತ್ತಿ ಹಿಡಿದು ಗದರಿದ.

"ಇದನ್ಯಾಕ ಕಡ್ದಿ? ಅರ್ತ್ ಇಲ್ದ ಮಶೀನ್ ಹ್ಯಾಂಗ ನಡೀತದ?"

ಅದು ಅರ್ತ್ ಅಲ್ಲ, ಅರ್ತ್ ಯಾವಾಗಲೂ ಕರಿಯದೇ ಎಂದು ವಿವರಿಸಲು ಹೊರಟ ರೂಪಾಲಿಯ ಮಾತು ಅರ್ಧಕ್ಕೇ ನಿಂತಿತು.

"ಅಪ್ಪಾ, ನಿಮ್ಮ ಬೋರ್ಡಿನ್ಯಾಗ ಅರ್ತ್ ಯಾವ್ದರಿ?"

"ಹಸರ. ಐವತ್ತು ವರ್ಷ ಆತು, ಮೋಟಾರಿಗಿ ಹಸರೇ ಅರ್ತ್ ಹಾಕಾಕತ್ತೇನಿ."

"ಮತ್ತ ಕರೀದು?"

"ಅದು ಚಿತ್ರದ್ದು."

ರೂಪಾಲಿಗೆ ನಗು ಉಕ್ಕಿಬಂತು, ಜೊತೆಗೆ ಕಣ್ಣೀರೂ. ಹಿಂದಿನ ದಿನ ಅಪ್ಪ ತಾನೇ ಜೋಡಿಸಿದ್ದರಿಂದ ನಡೆದಿತ್ತು; ಅಂದು ಖಮರುದ್ದೀನನೂ ತನ್ನಂತೆಯೇ ಕರಿ ವಾಯರನ್ನು ಅರ್ತ್ ಎಂದುಕೊಂಡಿದ್ದ. ಅವನು ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ಅವಳು ಎರಡೂ ವಾಯರು ಅದಲುಬದಲು ಮಾಡಿ ಮತ್ತೆ ಚಾರ್ಜರು ಹಾಕಿದಳು. ಪರದೆ ಮಿಣುಕಿತು. ಗೆರೆಗಳು ಓಡಿದವು. ಆಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಸಾಲುಗಳು ಒಂದೊಂದಾಗಿ ಮೂಡಿದವು.

'ಎಲ್ಲಾರೂ ಬರ್ರಿ. ಟಿವಿ ಕೊಟ್ಟ ಖಮರುದ್ದೀನ್ ಭಾಯಿಗೆ ಶುಕ್ರಿಯಾ.'

ಬಸವಣಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಅಂದು ತಾನೇ ಬರೆದು ಬೋರ್ಡಿನ ಚಿಪ್ಪಿನಲ್ಲಿ ಕೂರಿಸಿದ್ದ ಸಾಲು ಅವನಿಗೇ ಮರೆತುಹೋಗಿತ್ತು. ಎರಡೆರಡು ಸಲ ಓದಿ ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ನಾನೂ ನಂಬಿದ್ದಿಲ್ಲರಿ ಅಪ್ಪಾ," ಎಂದಳು ರೂಪಾಲಿ.

ಅವನು ಟವೆಲ್ಲು ಮಡಚಿ ಹೆಗಲಿಗೇರಿಸಿದ. ಖಮರುದ್ದೀನನಿಗೆ ಫೋನು ಹಚ್ಚು ಎಂದಷ್ಟೇ ಹೇಳಿದ. ರೂಪಾಲಿ ಹಚ್ಚಿದಳು. ಆ ಕಡೆಯಿಂದ ಯಾರು ಎಂಬ ಮುದಿದನಿ ಕೇಳಿತು.

"ಚಾಚಾ, ನಾ ಕಂಪ್ಯೂಟರ್ ಬಸವಣಪ್ಪನ ಮಗಳು ಮಾತಾಡಾಕತ್ತೇನ್ರಿ," ಎಂದಳು ಅವಳು. "ದೊಡ್ಡ ಟಿವಿ ತಯಾರ್ ಇಡ್ರಿ. ಸಂಜೀಕ ಬರ್ತೇವಿ. ವಾಯರ್ ಮಾತ್ರ ಅಪ್ಪನೇ ಜೋಡಸ್ತಾರ."