ದೇವರ ಮಾಡದಲ್ಲಿದ್ದ ಪುಸ್ತಕ

ಬಾಲಮ್ಮನಿಗೆ ಎಂಟು ವರ್ಷ. ಎರಡನೆಯ ತರಗತಿ. ಅಕ್ಷರ ಎಲ್ಲವೂ ಗೊತ್ತು. ಓದು ಎಂದರೆ ಮಾತ್ರ ಒಂದು ಸಾಲು ದಾಟುವುದಿಲ್ಲ. ಇಂಥ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಇವಳು ಬಳಿಚಕ್ರದವಳು.

ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷವಾಗಿದೆ. ಶಾಲೆಯಲ್ಲಿ ಈಗ ಪಾಠ ಉರ್ದುವಿನ ಬದಲು ಕನ್ನಡದಲ್ಲಿ. ಶಿಕ್ಷಕಿ ಗೌಹರಬೇಗಂ ಶನಿವಾರ ಮಕ್ಕಳಿಗೆ ಒಂದೊಂದು ಕಥೆಪುಸ್ತಕ ಮನೆಗೆ ಕೊಡುತ್ತಾರೆ, ಮುಂದಿನ ಶನಿವಾರ ತಿರುಗಿ ಪಡೆಯುತ್ತಾರೆ. ಬಾಲಮ್ಮನ ಪುಸ್ತಕ ಐದು ವಾರವಾದರೂ ಬರಲಿಲ್ಲ.

"ಎಲ್ಲಿ ಅದ ಪುಸ್ತಕ?" ಎಂದು ಶಿಕ್ಷಕಿ ಕೇಳಿದರು.

"ದೇವರ ಮಾಡದಾಗ ಅದರಿ ಬಾಯಾರ."

ಸಂಜೆ ಗೌಹರಬೇಗಂ ಅವಳ ಮನೆಗೆ ಹೋದರು. ಮನೆಯಲ್ಲಿ ಇರುವವರು ಇಬ್ಬರೇ, ಬಾಲಮ್ಮ ಮತ್ತು ಅಜ್ಜಿ ಮಲಕಮ್ಮ. ತಾಯಿ ತೀರಿಹೋಗಿದ್ದಾಳೆ. ತಂದೆ ಅಮೋಘಸಿದ್ದ ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಹೋದವನು, ಮಳೆ ಬೀಳುವವರೆಗೆ ಬರುವುದಿಲ್ಲ. ಅಂಗಳದ ಕುರಿದೊಡ್ಡಿ ಖಾಲಿ. ಒಳಗೆ ಗೋಡೆಯಲ್ಲಿ ಗೂಡಿನಂತೆ ಕೊರೆದ ಮಾಡದಲ್ಲಿ ದೇವರ ಪಕ್ಕ ಪುಸ್ತಕ. ಅದರ ಮೇಲೆ ಭಂಡಾರದ ಅರಿಶಿನ ಪುಡಿ, ಒಣಗಿದ ಹೂವು.

"ಆಯಿ, ಇದು ಓದಾಕ ಕೊಟ್ಟಿದ್ದು," ಎಂದರು ಗೌಹರಬೇಗಂ.

"ಸರಸ್ವತಿ ಅದರಿ," ಎಂದಳು ಮಲಕಮ್ಮ. "ಎಂಜಲ ಕೈಲೆ ಮುಟ್ಟಿ ಹರೀತಾಳ ಈಕಿ. ಅಲ್ಲೇ ಇರಲಿ."

"ಹರದ್ರ ನಾ ಅಂಟಸ್ತೀನಿ."

"ಓದಿ ಏನ್ ಮಾಡೂದದರಿ? ಯುಗಾದಿ ಆದಮ್ಯಾಲ ಸಾಲಿ ಬಿಡಸ್ತೀನಿ. ಮನ್ಯಾಗ ಇರ್ತಾಳ."

ಬಾಲಮ್ಮ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದಳು.

"ಖರೇ ಹೇಳ್ರಿ ಆಯಿ. ಹರೀತಾಳಂತ ಅಷ್ಟೇ ಇಟ್ಟೀರೇನು?"

ಮುದುಕಿ ಮೊಮ್ಮಗಳ ಕಡೆ ನೋಡಿದಳು.

"ತಂದ ದಿನ ಮೂಲ್ಯಾಗ ಕುಂತು ಅಕ್ಷರ ಕೂಡಿಸ್ಕೋತ ಅದರಾಗ ಮಾರಿ ಇಟ್ಟಳ್ರಿ. ಕರದ್ರ ಓ ಅನ್ನಲಿಲ್ಲ. ನನ್ನ ಕೂಡ ಮಾತಾಡಾಕ ಈಕಿ ಒಬ್ಬಾಕಿ ಅದಾಳ. ಈಕೀನೂ ಪುಸ್ತಕದಾಗ ಹೋದ್ರ ನಾ ಗ್ವಾಡಿ ಕೂಡ ಮಾತಾಡಲೇನ್ರಿ?"

ಗೌಹರಬೇಗಂ ನಗಲಿಲ್ಲ. "ನಾ ಅದನ್ನೇ ಮಾಡ್ತೀನಿ ಆಯಿ. ನಾ ಕಲ್ತದ್ದು ಉರ್ದು. ಕನ್ನಡ ಓದೂದು ನನಗ ಮೂವತ್ತು ವರ್ಷ ಆದಮ್ಯಾಲ ಕಲ್ತೆ. ಬಾಡಿಗಿ ಮನಿ ಖೋಲ್ಯಾಗ ಒಬ್ಬಾಕೀನ ದಿನಾ ಜೋರಾಗಿ ಓದ್ತೀನಿ, ಕೇಳಾಕ ಗ್ವಾಡಿ ಒಂದೇ. ಮುಂದೇನಾತು ಅಂತ ಅದು ಒಂದಿನಾನೂ ಕೇಳಿಲ್ಲ."

"ನನಗ ಒಂದಕ್ಷರ ಬರೂದಿಲ್ಲಲ್ರಿ."

"ಕಿವಿ ಅದಾವಲ್ಲ? ನಿಮ್ಮ ಮಗ್ಗಲಾಗ ಕುಂತು ಆಕಿ ಜೋರಾಗಿ ಓದಲಿ. ತಡವರಿಸಿದ್ರ ಬಯ್ಯಬ್ಯಾಡ್ರಿ, ಕಾಯ್ರಿ. ಮುಂದೇನಾತು ಅಂತ ಕೇಳ್ರಿ. ದಿನಾ ನಾಕು ರೊಟ್ಟಿ ಬೇಯೂ ಹೊತ್ತು ಸಾಕು."

ಮಲಕಮ್ಮ ತಾನೇ ಎದ್ದು ಪುಸ್ತಕ ಇಳಿಸಿದಳು. ಸೆರಗಿನಿಂದ ಭಂಡಾರ ಒರೆಸಿ ಮೊಮ್ಮಗಳ ತೊಡೆಯ ಮೇಲಿಟ್ಟಳು. ಹಿಂಡು ತಪ್ಪಿದ ಕುರಿಮರಿಯ ಕಥೆ ಅದು.

"ಮರಿ... ಹಳ್ಳದ... ದಂ..." ಬಾಲಮ್ಮನ ಬೆರಳು ನಿಂತಿತು. ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು. ಕಾದಳು.

"...ದಂಡೆಗೆ ಬಂತು!"

"ಮುಂದ?" ಎಂದಳು ಅಜ್ಜಿ.

ಮೂರನೆಯ ಶನಿವಾರ ಮಲಕಮ್ಮ ಪುಸ್ತಕ ಹಿಡಿದು ತಾನೇ ಶಾಲೆಗೆ ಬಂದಳು.

"ಮುಗೀತ್ರಿ ಇದು. ನಾಕು ಸಲ ಓದಿಸೀನಿ. ಮರಿ ಹಿಂಡಿಗೆ ಸೇರ್ತದಂತ ನನಗ ಮೊದಲೇ ಗೊತ್ತಿತ್ತು. ಕುರಿ ಕಾಯೋರಿಗೆ ಹೇಳ್ಬೇಕೇನ್ರಿ? ಬ್ಯಾರೆ ಕೊಡ್ರಿ. ದಪ್ಪಂದು ಇರಲಿ. ಮಳಿ ಬರಾಕ ಇನ್ನಾ ನಾಕು ತಿಂಗಳ ಅದ."

"ಯುಗಾದಿಗೆ ಸಾಲಿ ಬಿಡಸ್ತೀನಿ ಅಂದಿದ್ರಿ?"

"ಬಿಡಸೂದಿಲ್ಲ ತಗೋರಿ. ಬಿಡಿಸಿದ್ರ ಪುಸ್ತಕ ನೀವು ಮನಿಗೆ ತಂದು ಕೊಡ್ತೀರೇನ್ರಿ?"

ಅಮೋಘಸಿದ್ದ ಇನ್ನೂ ಬಂದಿಲ್ಲ. ದೊಡ್ಡಿ ಖಾಲಿಯೇ ಇದೆ. ಆದರೆ ಸಂಜೆ ಆ ಮನೆಯಿಂದ ಒಂದು ಸಣ್ಣ ಧ್ವನಿ ಕೇಳುತ್ತದೆ. ಅದು ನಿಂತರೆ ಇನ್ನೊಂದು ಧ್ವನಿ: "ಮುಂದ?"

ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯ ಪುಸ್ತಕ ಯಾವ ಮಾಡದಲ್ಲಿದೆ, ಯಾವ ಪೆಟ್ಟಿಗೆಯಲ್ಲಿದೆ ನೋಡಿ. ಇವತ್ತು ಒಲೆ ಹೊತ್ತಿಸಿದಾಗ ಅದನ್ನು ಮಗುವಿನ ಕೈಗೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಓದು ಬರಬೇಕಿಲ್ಲ. ಕೇಳಿ.